ತತ್ವಪದ ಮಂಡಳಿಗೆ ಧನಸಹಾಯ ಕೇಳುವುದು ಹೇಗೆ?

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ: "ನಮ್ಮೂರ ಭಜನಾ ಮಂಡಳಿ ಅಮಾವಾಸ್ಯೆಗೊಮ್ಮೆ ಮಠದಲ್ಲಿ ತತ್ವಪದ ಹಾಡುತ್ತದೆ. ಹಳೆಯ ಧಾಟಿ ಬಲ್ಲವರು ಇಬ್ಬರೇ ಉಳಿದಿದ್ದಾರೆ. ಧನಸಹಾಯಕ್ಕೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ಶಿಫಾರಸು ಇಲ್ಲದವರಿಗೆ ದಾರಿಯಿಲ್ಲವೇ?"

ಸಂಪಾದಕರ ಉತ್ತರ:

ದಾರಿಯಿದೆ. ನೀವು ಲಗತ್ತಿಸಿದ ಅರ್ಜಿಯನ್ನು ಓದಿದೆ. ತತ್ವಪದಗಳನ್ನು ಕಟ್ಟಿದ ಶಿಶುನಾಳ ಶರೀಫರ ಬಗ್ಗೆ, ಕಡಕೋಳ ಮಡಿವಾಳಪ್ಪನವರ ಬಗ್ಗೆ ಒಂದೂವರೆ ಪುಟ ಚೆನ್ನಾಗಿ ಬರೆದಿದ್ದೀರಿ. ನಿಮ್ಮ ಮಂಡಳಿಯ ಬಗ್ಗೆ ಇರುವುದು ಮೂರು ಸಾಲು. ಆಮೇಲೆ ನೇರವಾಗಿ "ಎರಡು ಲಕ್ಷ ರೂಪಾಯಿ ಮಂಜೂರು ಮಾಡಬೇಕು" ಎಂದಿದೆ. ಪರಿಶೀಲಿಸುವವರಿಗೆ ಶರೀಫರ ಹಿರಿಮೆ ಗೊತ್ತು. ಆ ದುಡ್ಡಿನಲ್ಲಿ ನಿಮ್ಮೂರಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲ.

ನಿಮ್ಮ ಪತ್ರದಲ್ಲೇ ಒಳ್ಳೆಯ ಯೋಜನೆಯೊಂದಿದೆ. ಇಬ್ಬರು ಹಿರಿಯರು ಹತ್ತು ಮಂದಿ ಎಳೆಯರಿಗೆ ಎಂಟು ತಿಂಗಳು, ಪ್ರತಿ ಭಾನುವಾರ ಕಲಿಸುತ್ತಾರೆ. ಕೊನೆಗೆ ಆ ಹತ್ತು ಮಂದಿಯೇ ಒಂದು ಅಮಾವಾಸ್ಯೆಯ ಭಜನೆ ನಡೆಸುತ್ತಾರೆ. ಹಿರಿಯರ ಧಾಟಿಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಇಷ್ಟು ಬರೆದರೆ ಲೆಕ್ಕ ತಾನಾಗಿ ಹುಟ್ಟುತ್ತದೆ. ತಿಂಗಳಿಗೆ 4ರಂತೆ 32 ತರಗತಿ, ತರಗತಿಗೆ ಒಬ್ಬರಿಗೆ 500 ರೂಪಾಯಿ ಗೌರವಧನ ಎಂದರೆ ಇಬ್ಬರಿಗೆ 32,000. ದಮ್ಮಡಿ, ಏಕತಾರಿ, ಹಾರ್ಮೋನಿಯಂ ದುರಸ್ತಿಗೆ ಅಂಗಡಿಯ ದರಪಟ್ಟಿ ಲಗತ್ತಿಸಿ. ಮಠ ಬಾಡಿಗೆಯಿಲ್ಲದೆ ಜಾಗ ಕೊಡುತ್ತದಲ್ಲ, ಅದಕ್ಕೂ ಬೆಲೆ ಕಟ್ಟಿ "ನಮ್ಮ ಪಾಲು" ಎಂದು ತೋರಿಸಿ. ಪೂರ್ತಿ ಖರ್ಚು ಕೊಡುವವರು ಕಡಿಮೆ. ಹಿರಿಯರ ಗೌರವಧನವನ್ನು ಮಾತ್ರ ದಯವಿಟ್ಟು ಕಡಿತ ಮಾಡಬೇಡಿ. ಶಾಮಿಯಾನ, ಹಾರ ತುರಾಯಿಗೆ ಹಣವಿಟ್ಟು ಹಾಡುವವರನ್ನು ಬರಿಗೈಲಿ ಕಳಿಸುವ ಅರ್ಜಿ ಕಂಡರೆ ನನಗೆ ಸಂಕಟವಾಗುತ್ತದೆ.

ಕಾಗದಪತ್ರದ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸಂಘ ನೋಂದಣಿಯಾಗಿರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಸಂಘದ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ. ಅಧ್ಯಕ್ಷರ ಸ್ವಂತ ಖಾತೆ ನಡೆಯದು. ವರ್ಷವರ್ಷದ ಲೆಕ್ಕಪರಿಶೋಧನೆ ಈಗಲೇ ಶುರುವಾಗಲಿ. ಕೇಂದ್ರದ ಯೋಜನೆಗಳಿಗೆ ಎನ್‌ಜಿಒ ದರ್ಪಣ್ ಸಂಖ್ಯೆಯೂ ಬೇಕು; ಅದು ಸ್ವಯಂಸೇವಾ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಜಾಲತಾಣದಲ್ಲಿ ಹೆಸರು ದಾಖಲಿಸಿದಾಗ ಸಿಗುವ ಸಂಖ್ಯೆ.

ನೋಂದಣಿ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ಅವರ 'ಕಲಿ-ಕಲಿಸು' ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲೆಯ ಕಲಿಕೆಗೆಂದೇ ಇರುವುದು. ನಿಮ್ಮೂರ ಶಾಲೆಯ ಮೇಷ್ಟ್ರೊಬ್ಬರು ಮಂಡಳಿಯಲ್ಲಿ ತಾಳ ಹಾಕುತ್ತಾರೆಂದು ಬರೆದಿದ್ದೀರಿ. ಮೊದಲು ಅವರ ಜೊತೆ ಕೂತು ಮಾತಾಡಿ.

ಹಣ ಬಂದ ದಿನದಿಂದ ಪ್ರತಿ ರಸೀದಿ, ತರಗತಿಯ ಹಾಜರಿ, ಫೋಟೊ ಒಂದೇ ಫೈಲಿನಲ್ಲಿರಲಿ. ಹಣಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ.

ಹೊಸ ಕರಡನ್ನು ಕಚೇರಿಯ ವಿಳಾಸಕ್ಕೆ ಕಳಿಸಿ, ಲೆಕ್ಕದ ಪುಟದ ಸಮೇತ. ಓದಿ, ತಿದ್ದಿ ವಾಪಸ್ ಕಳಿಸುತ್ತೇನೆ.