ಕಂತು ತಡವಾದರೆ ಅದೂ ಕಡಿತವೇ

ಪ್ರಶ್ನೆ: ಅಕ್ಕ, ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ಗ್ರಾಮದವನು ನಾನು. ವಸತಿ ಯೋಜನೆಯಲ್ಲಿ ಅಮ್ಮನ ಹೆಸರಿಗೆ ಮನೆ ಮಂಜೂರಾಗಿ ಕಾರ್ಯಾದೇಶವೂ ಬಂತು. ಲಿಂಟಲ್‌ವರೆಗೆ ಕಟ್ಟಿದೆವು. ಆಮೇಲೆ ಕಂತು ಬರಲೇ ಇಲ್ಲ. ನಮ್ಮ ವಾರ್ಡಿನಲ್ಲೇ ಹೀಗೆ ಅರ್ಧಕ್ಕೆ ನಿಂತ ಮನೆಗಳು ಇನ್ನೂ ಇವೆ. ಕೇಳಿದರೆ "ಮೇಲಿನಿಂದ ದುಡ್ಡು ಬಂದಿಲ್ಲ" ಅನ್ನುತ್ತಾರೆ. ನನ್ನ ತಂಗಿ ಸ್ಕಾಟ್ಲೆಂಡಿನಲ್ಲಿ ನರ್ಸ್. ಅಲ್ಲಿ ಬಡವರ ಮನೆ ಬಾಡಿಗೆಗೆ ಸರಕಾರ ಕೊಡುವ ಹಣ ಕಡಿತವಾದಾಗ ಜನ ಬೀದಿಗಿಳಿದು ಪ್ರತಿಭಟಿಸಿದರಂತೆ. ಇಲ್ಲಿ ಬಾಯಿ ಬಿಟ್ಟರೆ ಪಟ್ಟಿಯಿಂದ ಹೆಸರೇ ಹೋದೀತು ಎಂಬ ಹೆದರಿಕೆ ಎಲ್ಲರಿಗೂ. ಮಾತಾಡಿ ಪ್ರಯೋಜನ ಉಂಟಾ?
– ಹೆಸರು ಹಾಕಬೇಡಿ ಎಂದ ಓದುಗರು

ಉತ್ತರ: ಉಂಟು. ಆದರೆ ಒಬ್ಬೊಬ್ಬರೇ ಹೋಗಿ ಕೇಳಿದರೆ ಇಲ್ಲ.

ಪಂಚಾಯತ್ ಸದಸ್ಯೆಯಾಗಿದ್ದಾಗ ಇಂಥ ಮನೆಗಳ ಅಂಗಳದಲ್ಲಿ ನಾನು ತುಂಬಾ ನಿಂತಿದ್ದೇನೆ. ಕೆಂಪು ಕಲ್ಲಿನ ಗೋಡೆ ಎರಡು ಮಳೆಗಾಲ ನೆನೆದು ಪಾಚಿ ಹಿಡಿದಿರುತ್ತದೆ. ಲಿಂಟಲ್ ಮೇಲೆ ಎದ್ದು ನಿಂತ ಕಬ್ಬಿಣದ ಸರಳಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿರುತ್ತಾರೆ, ಆದರೂ ತುಕ್ಕಿನ ನೀರು ಗೋಡೆಯ ಮೇಲೆ ಇಳಿದಿರುತ್ತದೆ. ಪಕ್ಕದಲ್ಲೇ ಟರ್ಪಾಲು ಹಾಕಿದ ಶೆಡ್. ಒಂದು ಶೆಡ್ಡಿನಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಆಟಿ ತಿಂಗಳ ಮಳೆಗೆ ಕಟ್ಟಿದ ಬೀಡಿಯನ್ನು ಒಲೆ ಹತ್ತಿರ ಇಟ್ಟು ಒಣಗಿಸುತ್ತಿದ್ದರು. ತೇವ ಆದ ಬೀಡಿಯನ್ನು ಕಂಪನಿಯ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ಮನೆ ಮುಗಿಯದ್ದಕ್ಕೆ ಅವರ ದುಡಿಮೆಯೂ ಹೋಗುತ್ತಿತ್ತು. ಅದನ್ನು ಯಾವ ಕಡತದಲ್ಲೂ ಯಾರೂ ಬರೆದುಕೊಂಡಿರಲಿಲ್ಲ.

"ಕಡಿತ ಮಾಡಿಲ್ಲ, ತಡ ಆಗಿದೆ ಅಷ್ಟೆ" ಎಂದು ನಿಮಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಅಂತ ಇಟ್ಟರು. ಆಗಿನ ಕಲ್ಲು, ಹೊಯ್ಗೆ, ಸಿಮೆಂಟಿನ ರೇಟು ಏನಿತ್ತು, ಈಗ ಏನಿದೆ? ಮೇಸ್ತ್ರಿಯ ಸಂಬಳ ಎಷ್ಟಾಗಿದೆ? ಒಂದು ಕಂತು ವರ್ಷ ತಡವಾದರೆ ಅದೇ ದುಡ್ಡಿಗೆ ಬರುವ ಕಲ್ಲು ಕಡಿಮೆ. ಅಷ್ಟರಲ್ಲಿ ನೀವು ಸೊಸೈಟಿಯಲ್ಲಿ ಬಂಗಾರ ಅಡವಿಟ್ಟಿರುತ್ತೀರಿ, ಸಂಘದಲ್ಲಿ ಸಾಲ ತೆಗೆದು ವಾರ ವಾರ ಕಟ್ಟುತ್ತಿರುತ್ತೀರಿ. ಆ ಬಡ್ಡಿ ಯಾರ ಕೈಯಿಂದ ಹೋಯ್ತು? ನಿಮ್ಮ ಅಮ್ಮನ ಕೈಯಿಂದ ಅಲ್ವಾ? ಹಾಗಾದರೆ ಅದು ಕಡಿತವೇ.

ನಿಮ್ಮ ತಂಗಿ ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ 2013ರ ಏಪ್ರಿಲ್‌ನಿಂದ ಹೊಸ ನಿಯಮ ಬಂತು. ಸ್ಥಳೀಯ ಆಡಳಿತದ ಕೌನ್ಸಿಲ್ ಮನೆಯಲ್ಲೋ ಲಾಭಕ್ಕಲ್ಲದ ಹೌಸಿಂಗ್ ಅಸೋಸಿಯೇಶನ್ ಮನೆಯಲ್ಲೋ ಬಾಡಿಗೆಗೆ ಇರುವ, ದುಡಿಯುವ ವಯಸ್ಸಿನವರ ಮನೆಯಲ್ಲಿ ಮಲಗುವ ಕೋಣೆ ಒಂದು ಹೆಚ್ಚಿದೆ ಎಂದು ಕಂಡರೆ ಸರಕಾರ ಕೊಡುವ ಹಣದಲ್ಲಿ ಬಾಡಿಗೆಯ ಶೇಕಡಾ 14ರಷ್ಟು ಕಡಿತ. ಎರಡು ಅಥವಾ ಜಾಸ್ತಿ ಇದ್ದರೆ ಶೇಕಡಾ 25. 10 ವರ್ಷದೊಳಗಿನ ಅಣ್ಣ ತಂಗಿಗೆ ಒಂದೇ ಕೋಣೆ ಸಾಕು ಎಂಬ ಲೆಕ್ಕ. ಜನ ಅದನ್ನು ಬೆಡ್‌ರೂಮ್ ಟ್ಯಾಕ್ಸ್ ಎಂದೇ ಕರೆದರು. ಚಿಕ್ಕ ಮನೆಗೆ ಹೋಗಿ ಅಂದರೆ ಎಷ್ಟೋ ಊರುಗಳಲ್ಲಿ ಚಿಕ್ಕ ಮನೆಯೇ ಖಾಲಿ ಇರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ವಿರೋಧ ಜೋರಾಯಿತು. ಕೊನೆಗೆ ಅಲ್ಲಿನ ಸರಕಾರ ಕಡಿತವಾದ ಹಣವನ್ನು ತನ್ನ ಬೊಕ್ಕಸದಿಂದ ತುಂಬಿಕೊಡತೊಡಗಿತು. ಅದಕ್ಕೂ ಅರ್ಜಿ ಹಾಕಬೇಕಿತ್ತು, ತಾನಾಗಿ ಬರುತ್ತಿರಲಿಲ್ಲ. ಇನ್ನೊಂದು ಕಡೆ ಕೆಲವು ಕುಟುಂಬಗಳು ಕೋರ್ಟಿಗೆ ಹೋದವು. 2016ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಎರಡು ಕುಟುಂಬ ಗೆದ್ದವು. ಒಂದರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುವ ಹಾಗಿರಲಿಲ್ಲ. ಇನ್ನೊಂದರಲ್ಲಿ ಅಂಗವಿಕಲ ಮೊಮ್ಮಗನನ್ನು ಅಜ್ಜ ಅಜ್ಜಿ ಸಾಕುತ್ತಿದ್ದರು, ಅವನನ್ನು ನೋಡಿಕೊಳ್ಳಲು ರಾತ್ರಿ ಉಳಿಯುವವರಿಗೆ ಕೋಣೆ ಬೇಕಿತ್ತು. ಉಳಿದವರು ಸೋತರು. ನಿಯಮವೂ ಪೂರ್ತಿ ಹೋಗಲಿಲ್ಲ. ಆದರೆ ಆ ಎರಡು ಮನೆಯವರು ತಮ್ಮ ಕೋಣೆಯೊಳಗೆ ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನೂ ಬಿಚ್ಚಿ ಹೇಳಿದ್ದರಿಂದಲೇ ಗೆದ್ದರು. ಈ ಧೈರ್ಯದ ಬಗ್ಗೆ ನನಗೆ ಬಹಳ ಗೌರವ.

ನಮ್ಮ ಊರಿನವರಿಗೆ ಇಂಥ ಧೈರ್ಯ ಹೊಸತಲ್ಲ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ ಗೇಣಿ ಒಕ್ಕಲುಗಳು ತಾವು ಉಳುವ ಜಮೀನು ತಮಗೇ ಸೇರಬೇಕೆಂದು ಡಿಕ್ಲರೇಶನ್ ಕೊಡಬೇಕಾಗಿ ಬಂದಾಗ ನಮ್ಮ ಅಜ್ಜನಿಗೂ ನಿಮ್ಮ ಹಾಗೇ ಹೆದರಿಕೆ. ಧಣಿಗಳ ಎದುರು ಹೇಗೆ ನಿಲ್ಲುವುದು? ಆಚೀಚೆ ಮನೆಯ ಒಕ್ಕಲುಗಳೆಲ್ಲ ಒಟ್ಟಿಗೆ ಹೊರಟ ಮೇಲೆ ಅಜ್ಜನೂ ಹೋಗಿ 7ನೇ ನಮೂನೆಗೆ ಹೆಬ್ಬೆಟ್ಟು ಒತ್ತಿದರು. ನಾವು ಇವತ್ತು ಇರುವ ಜಾಗ ಅದೇ.

ಈಗ ನಿಮ್ಮ ಕೆಲಸ. ನಿಂತ ಮನೆಗಳವರೆಲ್ಲ ಒಂದು ಸಂಜೆ ಒಂದೇ ಕಡೆ ಕುಳಿತುಕೊಳ್ಳಿ. ಕಾರ್ಯಾದೇಶ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಪಂಚಾಂಗ, ಲಿಂಟಲ್, ಛಾವಣಿ ಹೀಗೆ ಹಂತ ಹಂತಕ್ಕೆ ಪಂಚಾಯತ್‌ನವರು ಫೋಟೊ ತೆಗೆದು ಜಿಪಿಎಸ್‌ಗೆ, ಅಂದರೆ ಜಾಗದ ಗುರುತಿನೊಂದಿಗೆ ಸರಕಾರದ ಆನ್‌ಲೈನ್ ದಾಖಲೆಗೆ, ಹಾಕುತ್ತಾರೆ. ನಿಮ್ಮ ಮನೆಯದು ಯಾವಾಗ ಹಾಕಿದರು ಎಂದು ಕೇಳಿ. ದುಡ್ಡು ಬಾರದಿರುವುದಕ್ಕೆ ಎಷ್ಟೋ ಸಲ ಫೋಟೊ ಹೋಗದಿರುವುದೇ ಕಾರಣ. ಫೋಟೊ ಹೋಗಿದೆ, ಆದರೂ ದುಡ್ಡು ಇಲ್ಲ ಎಂದಾದರೆ ನಿಮ್ಮ ಮನೆ ಯಾವ ಯೋಜನೆಯದು ಎಂದು ನೋಡಿ. ಪ್ರಧಾನಮಂತ್ರಿ ಯೋಜನೆಯಾದರೆ ಕೇಂದ್ರದ ಪಾಲು 60, ರಾಜ್ಯದ್ದು 40. "ಮೇಲಿನಿಂದ" ಎಂದರೆ ಯಾವ ಮೇಲೆ, ಹೇಳಲಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಾಲ ಎಷ್ಟು ಬಡ್ಡಿ ಎಷ್ಟು ಎಂಬುದನ್ನೂ ಸೇರಿಸಿ, ಗ್ರಾಮಸಭೆಗೆ ಒಟ್ಟಿಗೆ ಹೋಗಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಸಹಿ ಹಾಕಿ ಚಹಾ ಕುಡಿದು ಎದ್ದು ಬರಬೇಡಿ. ವಿಷಯ ನಿರ್ಣಯವಾಗಿ ಪುಸ್ತಕದಲ್ಲಿ ಬರೆಯುವವರೆಗೆ ಕೂತಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ನಾನಿದ್ದಾಗ ಹೆಂಗಸರೇ ಸೇರಿ ಹೀಗೆ ಮಾಡಿದ್ದರು. ಎಲ್ಲ ಕಂತು ಬರಲಿಲ್ಲ, ಆದರೆ ಛಾವಣಿಯ ಕಂತು ಬಂತು. ನಿರ್ಣಯದ ಪ್ರತಿಯೊಂದಿಗೆ ತಾಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿ (ಇ.ಒ.) ಅವರಿಗೆ, ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಅವರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿದ್ದರೆ ಆ 10 ರೂಪಾಯಿಯೂ ಇಲ್ಲ.

ಇನ್ನು ಹೆಸರು ಹೋಗುವ ಹೆದರಿಕೆ. ಕೆಲಸವೇ ಶುರು ಮಾಡದ ಮನೆಯನ್ನು ಬ್ಲಾಕ್ ಮಾಡುವುದುಂಟು. ನಿಮ್ಮದು ಲಿಂಟಲ್‌ವರೆಗೆ ಎದ್ದು ನಿಂತ ಮನೆ, ಎಲ್ಲರ ಕಣ್ಣಿಗೆ ಕಾಣುತ್ತದೆ. ಯಾರಾದರೂ "ಹೆಸರು ತೆಗೆಸುತ್ತೇನೆ" ಎಂದರೆ ಜಗಳಕ್ಕೆ ಹೋಗಬೇಡಿ. ಆ ಮಾತನ್ನೇ ಬರೆದು ಸಹಿ ಹಾಕಿ ಕೊಡಿ ಎಂದು, ಎಲ್ಲರೂ ಇರುವಾಗಲೇ ಕೇಳಿ.