ಅತಿಥಿಯ ಫೋನು, ನಮ್ಮನೆ ಸ್ಪೀಕರು: ಪರಿಚಯ ಮಾಡಿಸೋರು ಯಾರು?

ಪ್ರಶ್ನೆ: ಸರ್, ಕಾರವಾರದ ಮಾಜಾಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಮೊನ್ನೆ ಒಂದು ಕೋಣೆಯವರ ಹಾಡು ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರಿನಲ್ಲಿ ಬಂದು ಜಗಳವಾಯಿತು. ಕಾರಿಗೆ ಫೋನ್ ಜೋಡಿಸುವಾಗ ಆರು ಅಂಕಿ ತೋರಿಸಿ ಕೇಳುತ್ತೆ. ಸ್ಪೀಕರ್ ಯಾಕೆ ಏನೂ ಕೇಳಲ್ಲ? ಬಾಗಿಲಿಗೂ ಫೋನಿನಿಂದ ತೆಗೆಯುವ ಬೀಗ ಹಾಕಿಸೋಣ ಅಂತಿದ್ದೇವೆ, ಹಾಕಿಸಬಹುದಾ?

ಉತ್ತರ: ಸ್ಪೀಕರಿಗೆ ಪರದೆಯೇ ಇಲ್ಲ, ಅಂಕಿ ತೋರಿಸೋದು ಎಲ್ಲಿ? ಕಾರಣ ಅಷ್ಟೇ.

ಗುರುತೇ ಇಲ್ಲದ ಎರಡು ಸಾಧನಗಳು ಎಲ್ಲರಿಗೂ ಕೇಳುವಂತೆ ಮಾತಾಡಿಕೊಂಡೇ ಒಂದು ಗುಟ್ಟಿನ ಕೀಲಿ, ಅಂದರೆ ತಮ್ಮ ಮಾತು ಬೇರೆಯವರಿಗೆ ಅರ್ಥವಾಗದಂತೆ ಮಾಡುವ ಒಂದು ಸಂಖ್ಯೆ, ಮಾಡಿಕೊಳ್ಳಬಹುದು. ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್ 1976ರಲ್ಲೇ ಈ ದಾರಿ ತೋರಿಸಿದ್ದಾರೆ. ಆದರೆ ಆಚೆ ಕಡೆ ಇರೋದು ಯಾರು ಅಂತ ಆ ಕೀಲಿ ಹೇಳಲ್ಲ. ಮಧ್ಯೆ ಒಬ್ಬ ಕೂತು ಫೋನಿನ ಜೊತೆ ಒಂದು ಕೀಲಿ, ಕಾರಿನ ಜೊತೆ ಇನ್ನೊಂದು ಕೀಲಿ ಮಾಡಿಕೊಂಡರೆ ಎರಡಕ್ಕೂ ಗೊತ್ತೇ ಆಗಲ್ಲ. 2007ರ ಬ್ಲೂಟೂತ್ 2.1 ಆವೃತ್ತಿಯಲ್ಲಿ ಆರು ಅಂಕಿ ಬಂದಿದ್ದು ಇದಕ್ಕೇ. ಮಧ್ಯೆ ಯಾರಾದರೂ ಇದ್ದರೆ ಎರಡು ಪರದೆಯ ಅಂಕಿ ಬೇರೆ ಬೇರೆ ಬರುತ್ತವೆ. ಅವನ ಅದೃಷ್ಟಕ್ಕೆ ತಾಳೆಯಾಗೋದು ಹತ್ತು ಲಕ್ಷಕ್ಕೆ ಒಂದು ಸಲ. ಆದರೆ ನೀವು ನೋಡಬೇಕು! ಸುಮ್ನೆ ಓಕೆ ಒತ್ತಿದರೆ ಅಂಕಿ ಇದ್ದೂ ಇಲ್ಲದ ಹಾಗೆ, ಮತ್ತೆ ಜಾಸ್ತಿ ಜನ ಮಾಡೋದು ಅದನ್ನೇ.

ಪರದೆ, ಕೀಲಿಮಣೆ ಇಲ್ಲದ ಸ್ಪೀಕರ್ ಈ ತಪಾಸಣೆ ಬಿಟ್ಟು ಜೋಡಿಯಾಗುತ್ತೆ. ಗೋಡೆಯಾಚೆಯ ಫೋನೂ ಅದಕ್ಕೆ ಒಂದೇ. ಹಾಡಿಗೆ ಇಷ್ಟು ಸಾಕು ಬಿಡಿ. ಒಂದೊಂದು ಸ್ಪೀಕರಿಗೆ ಒಂದೊಂದು ಹೆಸರಿಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

1999ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ಫ್ರಾಂಕ್ ಸ್ಟಯಾನೋ ಮತ್ತು ರಾಸ್ ಆಂಡರ್ಸನ್ ಇಂಥ ಸಾಧನಗಳನ್ನು ಬಾತುಕೋಳಿ ಮರಿಗೆ ಹೋಲಿಸಿದ್ದರು. ಮೊಟ್ಟೆಯಿಂದ ಹೊರಬಂದಾಗ ಮೊದಲು ಕಂಡದ್ದೇ ತಾಯಿ. ತಾಯಿ ಬದಲಾಗಬೇಕಾದರೆ ಮರಿ ಸತ್ತು ಮತ್ತೆ ಹುಟ್ಟಬೇಕು, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್. ಅತಿಥಿ ಹೊರಟ ಮೇಲೆ ಸ್ಪೀಕರಿನಲ್ಲಿ ಉಳಿದ ಹಳೇ ಜೋಡಿಗಳನ್ನು ಅಳಿಸಿ. ಟೀವಿಯಲ್ಲಿ ಅವರು ಲಾಗಿನ್ ಆಗಿದ್ದರೆ ಅದನ್ನೂ.

ಬೀಗ ಹಾಕಿಸಿ, ಆದರೆ ಅದಕ್ಕೆ ತಾಯಿ ನೀವೇ ಆಗಿರಬೇಕು. ನಿಮ್ಮ ಫೋನಿನಿಂದಲೇ ಜೋಡಿಸಿ. ಅತಿಥಿಗೆ ನಿಮ್ಮ ಪಾಸ್‌ವರ್ಡ್ ಬೇಡ, ಹೊರಡುವ ದಿನಕ್ಕೆ ತಾನೇ ರದ್ದಾಗುವ ಕೋಡ್ ಕೊಡಿ. ಆ ಸೌಲಭ್ಯ ಇಲ್ಲದ ಬೀಗ ಎಷ್ಟೇ ಅಗ್ಗ ಆದರೂ ತಗೋಬೇಡಿ. ಅಂಗಡಿಯಲ್ಲಿ ಇನ್ನೊಂದು ನೋಡಿಕೊಳ್ಳಿ: ರೀಸೆಟ್ ಬಟನ್ ಬಾಗಿಲಿನ ಒಳಬದಿಗೆ ಬರುತ್ತಾ, ಹೊರಬದಿಗಾ?