ಫಾರ್ಚೂನರ್ ಬೆಲೆಗೆ ಹಳೇ ಎರಡು ಎಂಜಿನ್ ವಿಮಾನ ಸಿಗುತ್ತೆ ಅಂದ್ರೆ ತಗೋಬಹುದಾ?

ನಿಮ್ಮ ಪ್ರಶ್ನೆ ಓದಿ ಮೊದಲು ನಕ್ಕೆ, ಆಮೇಲೆ ಸುಮ್ಮನಾದೆ. ಯಾಕಂದ್ರೆ 2011ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಅಮೆರಿಕದ ಒಂದು ಜಾಹೀರಾತಿನಲ್ಲಿ 1950ರ ದಶಕದ ಎರಡು ಎಂಜಿನ್ ವಿಮಾನ 45,000 ಡಾಲರಿಗೆ ಇದೆ, ನಮ್ಮಲ್ಲಿ ಫಾರ್ಚೂನರ್‌ಗೂ ಅಷ್ಟೇ ಆಗುತ್ತೆ, ಕೊಂಡು ತಂದು ಚಿತ್ರದುರ್ಗದ ಹತ್ತಿರ ಹೊಳಲ್ಕೆರೆ ಕಡೆ ಇರೋ ನಮ್ಮ ಜಮೀನಿನಲ್ಲೇ ಇಳಿಸಬಹುದಾ, ಎರಡು ಎಂಜಿನ್ ಇದ್ರೆ ಸೇಫ್ ಜಾಸ್ತಿ ತಾನೇ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯವನು. ಟೆಕ್ಸಾಸ್‌ನಲ್ಲಿ 19 ವರ್ಷ ಇದ್ದೆ. ಅಲ್ಲಿ ಮೂವರು ಕನ್ನಡದವರು ಸೇರಿ 1957ರ ಪೈಪರ್ ಅಪಾಚಿ ಅನ್ನೋ ಒಂದು ಎರಡು ಎಂಜಿನ್ ವಿಮಾನ ಕೊಂಡು ಒಂಬತ್ತು ವರ್ಷ ಸಾಕಿದೆವು. ಸಾಕಿದೆವು ಅನ್ನೋದೇ ಸರಿಯಾದ ಪದ. 2020ರಲ್ಲಿ ಮಾರಿ ಊರಿಗೆ ಬಂದೆ.

ಅಪಾಚಿ ಮಾರುಕಟ್ಟೆಗೆ ಬಂದಿದ್ದು 1954ರಲ್ಲಿ. ಲೈಕಮಿಂಗ್ ಕಂಪನಿಯ ಎರಡು ಎಂಜಿನ್, ಒಂದೊಂದೂ 150 ಹಾರ್ಸ್‌ಪವರ್. ನಾಲ್ಕು ಜನ ಕೂರಬಹುದು. ಮೈಯೆಲ್ಲಾ ದುಂಡು ದುಂಡು, ಅದಕ್ಕೇ ಅಲ್ಲಿನ ಪೈಲಟ್‌ಗಳು ಅದನ್ನ ಹಾರೋ ಸಿಹಿಗೆಣಸು ಅಂತ ಕರೀತಾರೆ. ನಮ್ಮ ಮನೆಯಲ್ಲೂ ಅದರ ಹೆಸರು ಗೆಣಸು ಅಂತಲೇ ಆಯ್ತು. "ಈ ಶನಿವಾರನೂ ಗೆಣಸಿನ ಹತ್ರನಾ?" ಅಂತ ನನ್ನ ಹೆಂಡತಿ ಕೇಳೋಳು.

ದುಡ್ಡಿನ ವಿಷಯ ಮೊದಲು. ನಾವು ಕೊಟ್ಟಿದ್ದು 36,000 ಡಾಲರ್, ತಲೆಗೆ 12,000. ಮೂವರೂ ಭಾರಿ ಬುದ್ಧಿವಂತರು ಅಂದ್ಕೊಂಡಿದ್ದೆವು. ಮೊದಲ ವರ್ಷದ ತಪಾಸಣೆ ಬಿಲ್ಲೇ 9,000 ದಾಟಿತು. ಅಲ್ಲಿ 12 ತಿಂಗಳಿಗೊಮ್ಮೆ ವಿಮಾನವನ್ನ ಬಿಚ್ಚಿ ನೋಡಿ, ಅಧಿಕಾರ ಇರೋ ಮೆಕ್ಯಾನಿಕ್ ಸಹಿ ಹಾಕಲೇಬೇಕು, ಇಲ್ಲದಿದ್ರೆ ಹಾರೋ ಹಾಗಿಲ್ಲ. ಎಂಜಿನ್‌ಗೆ 4 ಸಿಲಿಂಡರ್, ಸಿಲಿಂಡರಿಗೆ 2 ಸ್ಪಾರ್ಕ್ ಪ್ಲಗ್, ಅಂದ್ರೆ ಒಟ್ಟು 16 ಪ್ಲಗ್, ಅವಕ್ಕೆ ಕಿಡಿ ಕೊಡೋ 4 ಮ್ಯಾಗ್ನೆಟೊ. ಹಾರಿದ್ರೆ ಗಂಟೆಗೆ ಹೆಚ್ಚುಕಮ್ಮಿ 65 ಲೀಟರ್ ಪೆಟ್ರೋಲು. ಇದರ ಮೇಲೆ ಹ್ಯಾಂಗರ್ ಬಾಡಿಗೆ, ಇನ್ಶೂರೆನ್ಸ್. ಇವೆಲ್ಲಾ ಹೆಂಗೋ ತಡ್ಕೋಬಹುದು. ತಡ್ಕೊಳ್ಳೋಕೆ ಆಗದೇ ಇರೋದು ಓವರ್‌ಹಾಲ್, ಅಂದ್ರೆ ಎಂಜಿನ್ ಪೂರ್ತಿ ಬಿಚ್ಚಿ ಸವೆದಿದ್ದನ್ನೆಲ್ಲಾ ಬದಲಾಯಿಸೋದು. ಈ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಹೇಳೋದು 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಸ್ವಂತಕ್ಕೆ ಹಾರಿಸೋರಿಗೆ ಅಲ್ಲಿ ಅದು ಕಡ್ಡಾಯ ಅಲ್ಲ, ಆದ್ರೆ ಎಷ್ಟು ದಿನ ಅಂತ ಮುಂದೂಡ್ತೀರಿ? ನಮಗೆ ಒಂದು ಎಂಜಿನ್‌ಗೆ ಬಂದ ಕೊಟೇಶನ್ 26,000 ಡಾಲರ್. ಎರಡಕ್ಕೆ 52,000. ವಿಮಾನಕ್ಕೆ ಕೊಟ್ಟಿದ್ದು 36,000. ನಿಮ್ಮ ಜಾಹೀರಾತಿನ ವಿಮಾನ ಅಗ್ಗ ಆಗಿರೋದು ಇದಕ್ಕೇ. ಬೆಲೆ ಕಟ್ಟಿರೋರಿಗೆ ಮುಂದಿನ ಖರ್ಚು ಗೊತ್ತಿದೆ.

ನಮ್ಮಪ್ಪ ಲಾರಿ ಮೇಸ್ತ್ರಿ. ನಲವತ್ತು ವರ್ಷ ಪಿ.ಬಿ. ರಸ್ತೆಯಲ್ಲಿ ಗ್ಯಾರೇಜ್ ನಡೆಸಿದವರು. 2014ರಲ್ಲಿ ಅಲ್ಲಿಗೆ ಬಂದಾಗ ಹ್ಯಾಂಗರಿಗೆ ಕರ್ಕೊಂಡು ಹೋದೆ. ಎಂಜಿನ್ ಮುಚ್ಚಳ ತೆಗೆದು ತೋರಿಸಿದ್ರೆ ಅವರು ಕೇಳಿದ ಮೊದಲ ಮಾತು, "ರೇಡಿಯೇಟರ್ ಎಲ್ಲೋ?" ಗಾಳಿಯಲ್ಲೇ ತಣ್ಣಗಾಗುತ್ತೆ ಅಂದೆ. ಸಿಲಿಂಡರ್ ರೆಕ್ಕೆಗಳ ಮೇಲೆ ಬೆರಳಾಡಿಸಿ ನೋಡಿದ್ರು. ಆಮೇಲೆ ಆ ಕಡೆ ಹೋಗಿ ಇನ್ನೊಂದನ್ನೂ ನೋಡಿದ್ರು. "ಒಂದ್ ಎಂಜಿನ್ ಲಾರಿ ಇಟ್ಕೊಂಡೋನೇ ಸಾಲದಾಗ ಒದ್ದಾಡ್ತಾನ, ನೀ ಎರಡು ಕಟ್ಕೊಂಡಿಯಲ್ಲೋ."

ಆ ವಾರ ಚಕ್ರದ ಕಾಲಿನ ಒಂದು ಬುಷ್ ಸವೆದಿತ್ತು. ಅಪ್ಪ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಹರಿಹರದಾಗ ಲೇತಿಗೆ ಕೊಟ್ರೆ ಸಂಜೆಯೊಳಗೆ ಮಾಡಿಕೊಡ್ತಾರ ಅಂದ್ರು. ಸುಳ್ಳಲ್ಲ. ಕಿರ್ಲೋಸ್ಕರ್ ಕಾಲದಿಂದ ಲೇತ್ ಕೆಲಸ ನೋಡಿದ ಊರು ಅದು, ನಮ್ಮ ಕಡೆ ಯಾವ ಬುಷ್ ಬೇಕಾದ್ರೂ ತಿರುಗಿಸ್ತಾರೆ. ಆದ್ರೆ ವಿಮಾನಕ್ಕೆ ಬುಷ್ ಸರಿಯಾಗಿದ್ರೆ ಸಾಲದು, ಅದರ ಕಾಗದವೂ ಸರಿಯಾಗಿರಬೇಕು. ಯಾವ ಲೋಹ, ಯಾರು ಮಾಡಿದ್ದು, ಯಾರು ಒಪ್ಪಿದ್ದು ಅಂತ ದಾಖಲೆ ಇಲ್ಲದಿದ್ರೆ ಮೆಕ್ಯಾನಿಕ್ ಸಹಿ ಹಾಕಲ್ಲ. ಒಂದು ಬುಷ್‌ಗೆ ಆರು ವಾರ ಕಾದೆವು. ಅಪ್ಪನಿಗೆ ಮೊದಲು ಇದು ಹುಚ್ಚಾಟ ಅನ್ನಿಸಿತ್ತು. ವಾಪಸ್ ಹೊರಡೋ ದಿನ ಕಾರಿನಲ್ಲಿ ಅವರೇ ಹೇಳಿದ್ರು: "ಲಾರಿ ಕೆಟ್ರ ಚಕ್ರಕ್ಕ ಕಲ್ಲಿಟ್ಟು ರಸ್ತೆ ಬದಿ ನಿಲ್ಲಿಸ್ತೀವಿ. ಇದಕ್ಕ ಎಲ್ಲಿ ಕಲ್ಲಿಡ್ತಿ?"

ಈಗ ಸೇಫ್ ಜಾಸ್ತಿನಾ ಅನ್ನೋ ಪ್ರಶ್ನೆ. ಎರಡೆತ್ತಿನ ಗಾಡಿ ನೆನಪಿಸಿಕೊಳ್ಳಿ. ಎಡಗಡೆ ಎತ್ತು ನಿಂತುಬಿಟ್ರೆ ಬಲಗಡೆಯದು ಎಳೀತಾನೇ ಇರುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಇಲ್ಲೂ ಹಾಗೇ. ಬಾಲದಲ್ಲಿರೋ ಚುಕ್ಕಾಣಿಯನ್ನ (ರಡರ್) ಕಾಲಿನಿಂದ ಒತ್ತಿ ಹಿಡಿದು ನೇರ ಇಡಬೇಕು. ವೇಗ ಒಂದು ಮಿತಿಗಿಂತ ಕೆಳಗಿಳಿದ್ರೆ ರಡರ್‌ಗೆ ಆ ಶಕ್ತಿ ಸಾಲಲ್ಲ, ವಿಮಾನ ಮಗುಚಿಕೊಳ್ಳುತ್ತೆ. ವೇಗದ ಮೀಟರಿನಲ್ಲಿ ಅದಕ್ಕೇ ಒಂದು ಕೆಂಪು ಗೆರೆ ಇರುತ್ತೆ. ಇನ್ನು ಸತ್ತ ಎಂಜಿನ್‌ನ ಪ್ರೊಪೆಲ್ಲರ್ ಸುಮ್ನೆ ಇರಲ್ಲ, ಗಾಳಿಗೆ ತಿರುಗ್ತಾ ಬ್ರೇಕ್ ಹಾಕಿದ ಹಾಗೆ ಹಿಂದಕ್ಕೆ ಎಳೆಯುತ್ತೆ. ಅದರ ಅಲಗುಗಳನ್ನ ಗಾಳಿಗೆ ನೇರ ತಿರುಗಿಸಬೇಕು, ಫೆದರ್ ಮಾಡೋದು ಅಂತಾರೆ. ಇದೆಲ್ಲಾ ಕೆಲವೇ ಸೆಕೆಂಡಿನಲ್ಲಿ, ಅದೂ ಸರಿಯಾದ ಎಂಜಿನ್‌ಗೇ ಮಾಡಬೇಕು. ಗಾಬರಿಯಲ್ಲಿ ಓಡ್ತಿರೋ ಎಂಜಿನ್ ಆಫ್ ಮಾಡಿ ಬಿದ್ದವರಿದ್ದಾರೆ.

ಒಂದು ಎಂಜಿನ್ ಹೋದ್ರೆ ಶಕ್ತಿ ಅರ್ಧ ಹೋಗುತ್ತೆ, ಆದ್ರೆ ಮೇಲೇರೋ ತಾಕತ್ತು ಸುಮಾರು 80 ಪರ್ಸೆಂಟ್ ಹೋಗುತ್ತೆ. ಮಿಕ್ಕ ಶಕ್ತಿಯಲ್ಲಿ ಬಹುಪಾಲು ಬೀಳದೇ ಇರೋಕೇ ಬೇಕು, ಏರೋಕೆ ಉಳಿಯೋದು ಚೂರು. ಅಪಾಚಿಯಂಥದ್ದು ಸಮುದ್ರಮಟ್ಟದಲ್ಲಿ, ತಂಪು ಗಾಳಿಯಲ್ಲಿ, ಹೊಸದಿದ್ದಾಗ ಒಂದೇ ಎಂಜಿನ್‌ನಲ್ಲಿ ನಿಮಿಷಕ್ಕೆ ಇನ್ನೂರು ಚಿಲ್ಲರೆ ಅಡಿ ಏರಿದ್ರೆ ಹೆಚ್ಚು. ಈಗ ನಮ್ಮೂರಿಗೆ ಬನ್ನಿ. ದಾವಣಗೆರೆ ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ, ಅಂದ್ರೆ ಹತ್ತಿರ ಹತ್ತಿರ 2000 ಅಡಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ರೆ ಗಾಳಿ ಎಷ್ಟು ತೆಳುವಾಗುತ್ತೆ ಅಂದ್ರೆ, ವಿಮಾನಕ್ಕೆ ಅದು 5000 ಅಡಿ ಮೇಲಿನ ಗಾಳಿ ಇದ್ದ ಹಾಗೆ. ಚಿತ್ರದುರ್ಗ ಇನ್ನೂ ಎತ್ತರ, ಜೊತೆಗೆ ಸುತ್ತ ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ. ಅಲ್ಲಿ ಎದ್ದ ತಕ್ಷಣ ಒಂದು ಎಂಜಿನ್ ಹೋದ್ರೆ ಎರಡನೆಯದು ನಿಮ್ಮನ್ನ ಮೇಲೇರಿಸಲ್ಲ. ಎಲ್ಲಿ ಬೀಳಬೇಕು ಅಂತ ಹುಡುಕೋಕೆ ಒಂದಿಷ್ಟು ಹೊತ್ತು ಕೊಡುತ್ತೆ ಅಷ್ಟೆ. ರಾತ್ರಿ, ಕಾಡಿನ ಮೇಲೆ, ದೊಡ್ಡ ಕೆರೆಯ ಮೇಲೆ ಸಾಕಷ್ಟು ಎತ್ತರದಲ್ಲಿ ಹೋಗ್ತಿರುವಾಗ ಎರಡು ಎಂಜಿನ್ ನಿಜವಾಗ್ಲೂ ಧೈರ್ಯ. ಆದ್ರೆ ಆರು ತಿಂಗಳಿಗೊಮ್ಮೆಯಾದ್ರೂ ಒಂದು ಎಂಜಿನ್‌ನ ಶಕ್ತಿ ಬೇಕಂತಲೇ ತಗ್ಗಿಸಿ ಅಭ್ಯಾಸ ಮಾಡದವನಿಗೆ ಒಂದು ಎಂಜಿನ್ ವಿಮಾನವೇ ವಾಸಿ ಅಂತ ನನ್ನ ಅಭಿಪ್ರಾಯ.

ಅಪಾಚಿಯಲ್ಲಿ ಇನ್ನೊಂದು ತಮಾಷೆ ಇದೆ. ಚಕ್ರ ಮಡಚೋಕೆ, ರೆಕ್ಕೆ ಹಿಂದಿನ ಮಡಚು ಹಲಗೆ (ಫ್ಲ್ಯಾಪ್) ಇಳಿಸೋಕೆ ಬೇಕಾದ ಹೈಡ್ರಾಲಿಕ್ ಪಂಪ್ ಎಡಗಡೆ ಎಂಜಿನ್‌ಗೆ ಮಾತ್ರ ಇರೋದು. ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗೋದ್ರಿಂದ, ಹೋದ್ರೆ ಜಾಸ್ತಿ ತೊಂದರೆ ಕೊಡೋದೂ ಅದೇ ಎಡಗಡೆದು. ಎಲ್ಲಾ ದೇವರೂ ಒಂದೇ ಗುಡಿಯಲ್ಲಿ. ಅದು ಕೈಕೊಟ್ರೆ ಕೈಯಲ್ಲೇ ಪಂಪ್ ಹೊಡೀಬೇಕು.

ನನಗೂ ಹಾಗೆ ಪಂಪ್ ಹೊಡೆಯೋ ಪ್ರಸಂಗ ಬಂತು, ಎಂಜಿನ್ ಚೆನ್ನಾಗಿದ್ದಾಗಲೇ. ವಾರ್ಷಿಕ ತಪಾಸಣೆ ಮುಗಿಸಿ ತಂದ ದಿನ. ಇಳಿಯೋಕೆ ಅಂತ ಲಿವರ್ ಕೆಳಗೆ ಹಾಕಿದ್ರೆ ಮೂರು ಹಸಿರು ದೀಪದಲ್ಲಿ ಎರಡೇ ಹತ್ತಿದ್ವು. ಕಾಲ ಹತ್ರ ಏನೋ ಜಿಡ್ಡು. ಬಗ್ಗಿ ನೋಡಿದ್ರೆ ಕಾರ್ಪೆಟ್ ಮೇಲೆ ಕೆಂಪು ಎಣ್ಣೆ, ಹೈಡ್ರಾಲಿಕ್‌ದು. ಯಾರೋ ಒಂದು ಜಾಯಿಂಟ್ ಪೂರ್ತಿ ಬಿಗಿ ಮಾಡಿರಲಿಲ್ಲ. ಜೊತೆಗಿದ್ದ ಗೆಳೆಯನಿಗೆ ವಿಮಾನ ಹಿಡ್ಕೋ ಅಂದು ಪಂಪ್ ಹೊಡೆಯೋಕೆ ಶುರು ಮಾಡಿದೆ. 38 ಸಲ. ಎಣಿಸಿದ್ದು ನೆನಪಿದೆ, ಯಾಕಂದ್ರೆ 30ರ ಹತ್ರ ಬಂದಾಗ ನಮ್ಮೂರ ಬೋರ್‌ವೆಲ್ ಕೈಪಂಪ್ ನೆನಪಾಗಿ ನಗು ಬಂದಿತ್ತು. ಮೂರನೇ ದೀಪ ಹತ್ತಿತು. ಮುಂದಿನ ಚಕ್ರ ಕಾಣಲಿ ಅಂತ ಎಡ ಎಂಜಿನ್ ಪಕ್ಕ ಒಂದು ಸಣ್ಣ ಕನ್ನಡಿ ಇತ್ತು, ಅದರಲ್ಲೂ ನೋಡಿ ಖಾತ್ರಿ ಮಾಡ್ಕೊಂಡು ಇಳಿದೆವು. ಅವತ್ತಿನಿಂದ ರಿಪೇರಿ ಆದಮೇಲಿನ ಮೊದಲ ಹಾರಾಟಕ್ಕೆ ಮನೆಯವರನ್ನ ಕೂರಿಸೋದು ಬಿಟ್ಟೆವು. ಹಗಲಲ್ಲೇ, ಏರ್‌ಪೋರ್ಟ್ ಮೇಲೇ ಎರಡು ಸುತ್ತು ಹಾಕಿ ಇಳೀತಿದ್ದೆವು.

ಇಷ್ಟೆಲ್ಲಾ ಹೇಳಿ, ಪ್ರಯಾಣದ ಬಗ್ಗೆ ಹೇಳದಿದ್ರೆ ಮೋಸ ಆಗುತ್ತೆ. ಒಂದು ಸಲ ಜುಲೈನಲ್ಲಿ ವಿಸ್ಕಾನ್ಸಿನ್‌ನ ಆಶ್‌ಕಾಶ್ ವಿಮಾನ ಜಾತ್ರೆಗೆ ಹೊರಟೆವು. ಹೌದು, ಜಾತ್ರೆನೇ, ಸಾವಿರಾರು ಸಣ್ಣ ವಿಮಾನ ಹುಲ್ಲಿನ ಮೇಲೆ ನಿಂತು, ರೆಕ್ಕೆ ಕೆಳಗೆ ಟೆಂಟ್ ಹಾಕಿ ಜನ ಮಲಗ್ತಾರೆ. 1600 ಕಿಲೋಮೀಟರ್‌ಗಿಂತ ಜಾಸ್ತಿ ದೂರ, ಗಂಟೆಗೆ 240ರ ಹತ್ರ ವೇಗ, ಮಧ್ಯೆ ಎರಡು ಕಡೆ ಇಳಿದೆವು. ಆ ದೇಶದ ಸಣ್ಣ ಊರುಗಳ ಏರ್‌ಪೋರ್ಟ್‌ನಲ್ಲಿ ಮನುಷ್ಯರೇ ಇರಲ್ಲ ಎಷ್ಟೋ ಸಲ. ಕಾರ್ಡ್ ಉಜ್ಜಿ ನಾವೇ ಪೆಟ್ರೋಲ್ ಹಾಕ್ಕೋಬೇಕು. ಒಳಗೆ ಒಂದು ಹಳೇ ಕಾರಿನ ಕೀಲಿ ನೇತು ಹಾಕಿರ್ತಾರೆ, ಬಂದವರು ತಗೊಂಡು ಊರೊಳಗೆ ಹೋಗಿ ಊಟ ಮಾಡಿ ವಾಪಸ್ ಇಡಬಹುದು. ನಾವು ಮಾತ್ರ ರೆಕ್ಕೆ ನೆರಳಲ್ಲಿ ಕೂತು ಮಂಡಕ್ಕಿಗೆ ಈರುಳ್ಳಿ ಹಚ್ಚಿ ತಿಂದೆವು. ಮಂಡಕ್ಕಿ ಹಗುರ, ತೂಕದ ಲೆಕ್ಕಕ್ಕೂ ಒಳ್ಳೇದು.

ಬೆಳಿಗ್ಗೆ ಮರೀಬಾರದ ಒಂದು ಕೆಲಸ ಇದೆ. ಟ್ಯಾಂಕಿನ ಕೆಳಗಿಂದ ಸ್ವಲ್ಪ ಪೆಟ್ರೋಲನ್ನ ಗಾಜಿನಂಥ ಲೋಟಕ್ಕೆ ಇಳಿಸಿ ನೋಡೋದು. ಅಪಾಚಿಯ ಟ್ಯಾಂಕ್ ರಬ್ಬರ್ ಚೀಲ, ವಯಸ್ಸಾದ ಹಾಗೆ ಸುಕ್ಕಾಗುತ್ತೆ, ಸುಕ್ಕಿನಲ್ಲಿ ನೀರು ನಿಲ್ಲುತ್ತೆ. ಬಣ್ಣವನ್ನೂ ನೋಡಬೇಕು. ಈ ಎಂಜಿನ್‌ಗೆ ಹಾಕೋ ಏವ್‌ಗ್ಯಾಸ್, ಅಂದ್ರೆ ಸಣ್ಣ ವಿಮಾನದ ಪೆಟ್ರೋಲು, ತಿಳಿ ನೀಲಿ ಇರುತ್ತೆ. ದೊಡ್ಡ ವಿಮಾನದ ಇಂಧನ ಸೀಮೆಎಣ್ಣೆ ಜಾತಿ, ಅದನ್ನ ತಪ್ಪಿ ಹಾಕಿದ್ರೆ ನೆಲದ ಮೇಲೆ ಎಂಜಿನ್ ಓಡಿದ ಹಾಗೆ ಮಾಡಿ ಮೇಲೆ ಹೋದಮೇಲೆ ನಿಲ್ಲುತ್ತೆ.

ಭಾರತಕ್ಕೆ ತರೋ ಮಾತು: ಬಿಟ್ಟುಬಿಡಿ. ಹಳೇ ವಿಮಾನ ಆಮದಿಗೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ವಯಸ್ಸಿನ ಮಿತಿ ಇಟ್ಟಿದೆ. ಏವ್‌ಗ್ಯಾಸ್ ಎಲ್ಲಾ ಕಡೆ ಸಿಗಲ್ಲ. ಅದನ್ನ ನಮ್ಮ ದೇಶದಲ್ಲೇ ತಯಾರಿಸೋಕೆ ಶುರು ಮಾಡಿದ್ದೇ 2022ರಲ್ಲಿ. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಏರ್‌ಪೋರ್ಟ್ ಇಲ್ಲ, ಹತ್ತಿರ ಅಂದ್ರೆ ಶಿವಮೊಗ್ಗ, 2023ರಲ್ಲಿ ಶುರುವಾಗಿದ್ದು. ಚಳ್ಳಕೆರೆ ಹತ್ರ ರನ್‌ವೇ ಇದೆಯಲ್ಲ ಅಂತೀರೇನೋ. ಅದು ಡಿಆರ್‌ಡಿಒ ಡ್ರೋನ್ ಪರೀಕ್ಷೆ ಜಾಗ, ಅಲ್ಲಿ ಗೆಣಸು ಇಳಿಸಿದ್ರೆ ಮುಂದಿನ ಊಟ ಪೊಲೀಸರೇ ಕೊಡ್ತಾರೆ. ನಿಮ್ಮ ಜಮೀನಿನಲ್ಲಿ ಅಡಿಕೆನೇ ಇರಲಿ. ಹಾರೋ ಆಸೆ ನಿಜವಾಗಿದ್ರೆ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ಗೆ ಒಂದು ದಿನ ಹೋಗಿ, ಸಣ್ಣ ವಿಮಾನಗಳನ್ನ ಹತ್ತಿರದಿಂದ ನೋಡಿ, ಒಂದು ಎಂಜಿನ್‌ನಲ್ಲಿ ಕಲಿಯೋಕೆ ಶುರು ಮಾಡಿ.

ಇಲ್ಲ, ಅಮೆರಿಕದಲ್ಲಿರೋ ನಿಮ್ಮ ಭಾವನ ಜೊತೆ ಸೇರಿ ಅಲ್ಲೇ ಇಟ್ಕೋತೀವಿ ಅಂದ್ರೆ (ಪ್ರಶ್ನೆಯ ಕೊನೇ ಸಾಲಲ್ಲಿ ಹಾಗೆ ಬರೆದಿದ್ದೀರಿ) ವಿಮಾನ ನೋಡೋ ಮೊದಲು ಲಾಗ್‌ಬುಕ್, ಅಂದ್ರೆ ಹಾರಾಟ, ರಿಪೇರಿಗಳ ದಾಖಲೆ ಪುಸ್ತಕ, ತರಿಸಿ ಓದಿ. ಬಣ್ಣ ಯಾರು ಬೇಕಾದ್ರೂ ಹೊಡೆಸ್ತಾರೆ. "ಓವರ್‌ಹಾಲ್ ಆದಮೇಲೆ 300 ಗಂಟೆ ಮಾತ್ರ" ಅಂತ ಇದ್ರೆ ಓವರ್‌ಹಾಲ್ ಯಾವ ವರ್ಷ ಆಗಿದ್ದು ಅಂತ ಕೇಳಿ. 1998 ಅಂದ್ರೆ ಅದು ಹೆಚ್ಚುಕಮ್ಮಿ ಹಾರೇ ಇಲ್ಲ. ಲೈಕಮಿಂಗ್‌ನಲ್ಲಿ ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರೋದ್ರಿಂದ ನಿಂತ ಎಂಜಿನ್‌ನಲ್ಲಿ ಎಣ್ಣೆ ಇಳಿದುಹೋಗಿ ಅದಕ್ಕೆ ತುಕ್ಕು ಹಿಡಿಯುತ್ತೆ, ಹೊರಗಿಂದ ಏನೂ ಕಾಣಲ್ಲ. ಮಾರೋನ ಮೆಕ್ಯಾನಿಕ್ ಬೇಡ, ನಿಮ್ಮ ದುಡ್ಡಲ್ಲಿ ಬೇರೆಯವನಿಂದ ಬಿಚ್ಚಿಸಿ ನೋಡಿಸಿ. ಓವರ್‌ಹಾಲ್ ಆದ ವರ್ಷ ಯಾವುದು ಅಂತ ಗೊತ್ತಾದ ಮೇಲೆ ಇಲ್ಲೇ ಬರೀರಿ, ನೋಡೋಣ.